ಅಪ್ಪ ಬಿಟ್ಟುಕೊಟ್ಟ ನಾಲ್ಕು ಸರದಿ ನೀರು



ಮಾರ್ಚ್ 19 ಸಂತ ಜೋಸೆಫರ ಹಬ್ಬ. ಹಬ್ಬಕ್ಕೆ ಮುಂಚೆ ನಮ್ಮ ಧರ್ಮಕೇಂದ್ರದ ಯುವಕೂಟದವರು ಮನೆಮನೆಗೆ ಒಂದು ಕೆಲಸ ಹಚ್ಚಿದರು. ನಿಮ್ಮ ಅಪ್ಪನಿಂದ ನೀವು ಕಲಿತದ್ದನ್ನು ಬರೆದು ಕೊಡಿ ಅಂದರು. ನಮ್ಮ ಮನೆಯ ಹುಡುಗಿಯೂ ಆ ಕೂಟದಲ್ಲಿದ್ದಾಳೆ. "ತಾತನ ಬಗ್ಗೆ ನೀವೇ ಬರೀಬೇಕು, ನಾನು ಕೇಳಿದ್ದು ಅರ್ಧ ಮಾತ್ರ" ಎಂದು ಹಟ ಹಿಡಿದಳು. ಹಾಗಾಗಿ ಯುವಕೂಟದ ವಯಸ್ಸು ದಾಟಿದ ಮೇಲೂ ನಾವು ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಮೂವರು. ಊರಿನಲ್ಲೇ ಬೇಸಾಯ ಮಾಡಿಕೊಂಡಿರುವ ದೊಡ್ಡವನು, ಬಳ್ಳಾರಿಯಲ್ಲಿ ನರ್ಸ್ ಆಗಿರುವ ನಡುವಿನವಳು, ಅದೇ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಕೆಲಸದಲ್ಲಿರುವ ಕಿರಿಯವನು. ಟೈಪ್ ಮಾಡಿದ್ದು ಕಿರಿಯವನ ಮೊಬೈಲಿನಲ್ಲಿ, ಮಾತು ಮೂವರದೂ. ನಮ್ಮ ನಮ್ಮಲ್ಲೇ ಒಪ್ಪಿಗೆಯಾಗದ ಕಡೆ ಅದನ್ನೂ ಹಾಗೇ ಬರೆದಿದ್ದೇವೆ.

ನಮ್ಮ ಊರು ಬೊಮ್ಮನಹಾಳ್ ಕಡೆಯದು. ಅನಂತಪುರ ಜಿಲ್ಲೆ, ಆಂಧ್ರಪ್ರದೇಶ. ಬಳ್ಳಾರಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಕರ್ನಾಟಕದ ಗಡಿ. ರಾಯದುರ್ಗ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ತಾಲ್ಲೂಕುಗಳು ಆ ಕಡೆಗೆ ಹೋದವು. ನಮ್ಮ ತಾತ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಅನಂತಪುರ ಜಿಲ್ಲೆಯಲ್ಲಿ ತೀರಿಕೊಂಡರು. ಹುಟ್ಟಿದ್ದೂ ಸತ್ತದ್ದೂ ಒಂದೇ ಮನೆಯಲ್ಲಿ. ಅಪ್ಪ ಹುಟ್ಟಿದ್ದು 1955ರಲ್ಲಿ. ಹಾಗಾಗಿ ಅಪ್ಪನಿಗೆ ಕಚೇರಿ ಕಾಗದ ತೆಲುಗು, ಮನೆ ಮಾತು ಕನ್ನಡ. ಭಾನುವಾರದ ಬಲಿಪೂಜೆ ತೆಲುಗಿನಲ್ಲಿ, ರಾತ್ರಿ ಜಪಸರ ಕನ್ನಡದಲ್ಲಿ. ಕನ್ನಡ ಬೈಬಲ್ ಒಂದಿತ್ತು, ರಟ್ಟು ಹರಿದು ಬಟ್ಟೆ ಅಂಟಿಸಿದ್ದು. ಕನ್ನಡಕ್ಕೆ ಬೈಬಲ್ ತರುವ ಕೆಲಸ ಬಳ್ಳಾರಿಯಲ್ಲೇ ನಡೆದಿತ್ತು, 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಅದಕ್ಕೆ ಕೂತಿದ್ದರು ಎಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು. ಅವರು ಕಥೋಲಿಕರಲ್ಲ. ಆದರೂ ನಮ್ಮ ಬಳ್ಳಾರಿಯ ವಿಷಯ ಎಂದು ಹೇಳಿದೆವು.

ಅಪ್ಪ ಮಾತು ಕಮ್ಮಿ. ಅಪ್ಪ ಕಲಿಸಿದ ಸಣ್ಣಪುಟ್ಟದ್ದು ಬಹಳ ಇದೆ. ಸೈಕಲ್ ಪಂಕ್ಚರ್ ಹಾಕುವುದು, ಹಗ್ಗ ಹೊಸೆಯುವುದು, ಹಗರಿ ಹೊಳೆಯ ಮರಳಿನಲ್ಲಿ ಎಲ್ಲಿ ಕಾಲಿಡಬಾರದು ಅನ್ನುವುದು. ಅವನ್ನೆಲ್ಲ ಬರೆಯುತ್ತಾ ಹೋದರೆ ಯಾರ ಅಪ್ಪನ ಬಗ್ಗೆಯಾದರೂ ಬರೆದ ಹಾಗಾಗುತ್ತದೆ. ನಮ್ಮ ಮೂವರ ಮೈಯೊಳಗೆ ಇವತ್ತಿಗೂ ಕೂತಿರುವುದು ಒಂದೇ ಸಂಗತಿ. ಅದು 2002ರ ನೀರಿನ ವಿಷಯ.

ನಮ್ಮ ಕಡೆ ಎರಡು ನೀರು. ಒಂದು ಹಗರಿ, ಪುಸ್ತಕದಲ್ಲಿ ವೇದಾವತಿ. ಅದು ಹರಿಯುವುದು ಅಪರೂಪ. ಮುಂಗಾರಿನ ಗಾಳಿ ಎದ್ದರೆ ನೀರಿಗಿಂತ ಹೆಚ್ಚು ಮರಳನ್ನೇ ಹೊಲಕ್ಕೆ ತರುತ್ತದೆ. ದರ್ಗಾ ಹೊನ್ನೂರಿನ ಕಡೆ ಹೋಗಿ ನೋಡಿದವರಿಗೆ ಗೊತ್ತು, ರಾಜಸ್ಥಾನದ ಹಾಗೆ ಮರಳಿನ ದಿಬ್ಬಗಳಿವೆ. ಇನ್ನೊಂದು ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ. ನಮ್ಮ ಕಡೆ ಎಲ್ಲರೂ 'ಎಚ್ಚೆಲ್ಸಿ' ಅನ್ನುತ್ತಾರೆ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟು, ಬಳ್ಳಾರಿ ಸೀಮೆ ದಾಟಿ ನಮ್ಮ ಕಡೆಗೆ ಬರುತ್ತದೆ. ಡ್ಯಾಂ ತುಂಬಿದರೆ ಮಳೆಗಾಲದಲ್ಲಿ ನೀರು ಬಿಡುತ್ತಾರೆ. ಆ ನೀರು ಬಂದರೆ ಮೆಣಸಿನಕಾಯಿ, ಭತ್ತ. ಬರದಿದ್ದರೆ ಶೇಂಗಾ, ಅದೂ ಆಕಾಶ ನೋಡಿಕೊಂಡು.

2002 ಬರಗಾಲ. ದೇಶಕ್ಕೆಲ್ಲ ಬರ, ನಮಗೆ ಹೊಸದೇನಲ್ಲ. ಕಾಲುವೆ ನೀರು ಬಂತು, ಆದರೆ ಸಾಲದು. ಉಪಕಾಲುವೆಯ ಕೊನೆಯ ಹೊಲದವರೆಲ್ಲ ಕೂತು ಸರದಿ ಮಾಡಿಕೊಂಡರು. ನಮ್ಮ ಹೊಲಕ್ಕೆ ಎಂಟು ದಿನಕ್ಕೊಮ್ಮೆ ಮೂರು ಗಂಟೆ. ನಮ್ಮ ಕೆಳಗಿನ ಹೊಲಕ್ಕೆ ಮಾರನೆಯ ರಾತ್ರಿ ಮೂರು ಗಂಟೆ. ಆ ಹೊಲದವರು ನಮ್ಮ ಜಾತಿಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಹುಟ್ಟಿದಾಗಿನಿಂದ ಅವರನ್ನು ಮಾಮ ಎಂದೇ ಕರೆದವರು ನಾವು. ಅಪ್ಪನಿಗಿಂತ ಎರಡು ವರ್ಷಕ್ಕೆ ಚಿಕ್ಕವರು, ಅಪ್ಪನನ್ನು ಅಣ್ಣ ಅನ್ನುತ್ತಿದ್ದರು.

ಒಂದೂವರೆ ಎಕರೆ ಮೆಣಸಿನಕಾಯಿ ಹಾಕಿದ್ದೆವು. ನವೆಂಬರಿನಲ್ಲಿ ಹೂವು ಕಾಯಿ ಎರಡೂ ಇರುವ ಹೊತ್ತು. ಆಗ ಗಿಡಕ್ಕೆ ನೀರು ತಪ್ಪಿದರೆ ಹೂ ಉದುರುತ್ತದೆ, ಕಾಯಿ ಸೊಟ್ಟಗಾಗುತ್ತದೆ. ಆ ಬೆಳೆ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬಂದ ದುಡ್ಡಿನಲ್ಲಿ ನಡುವಿನವಳನ್ನು ನರ್ಸಿಂಗಿಗೆ ಸೇರಿಸಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಅವಳು ಇಂಟರ್ ಎರಡನೇ ವರ್ಷದಲ್ಲಿದ್ದಳು. ದೊಡ್ಡವನಿಗೆ ಹತ್ತೊಂಬತ್ತು, ಕಿರಿಯವನಿಗೆ ಹದಿಮೂರು.

ಗಂಡುಮಕ್ಕಳಿಬ್ಬರೂ ಸೇರಿ ನೀರು ಕದ್ದೆವು. ಸುತ್ತಿ ಬಳಸಿ ಹೇಳುವುದೇನಿದೆ. ಮಾಮನ ಸರದಿಯ ರಾತ್ರಿ, ಅವರು ಮೇಲಿನಿಂದ ನೀರು ತಿರುಗಿಸಿ ತಮ್ಮ ಹೊಲದ ಆ ತುದಿಗೆ ಹೋಗಿದ್ದರು. ಹೊಲಗಾಲುವೆಗೆ ಮಣ್ಣು ತುಂಬಿದ ಎರಡು ಗೋಣಿಚೀಲ ಅಡ್ಡ ಹಾಕಿ, ಬದು ಒಡೆದು ನಮ್ಮ ಸಾಲುಗಳಿಗೆ ಹರಿಸಿದೆವು. ಪೂರ್ತಿ ಕಟ್ಟಲಿಲ್ಲ. ಅರ್ಧ ಅವರ ಕಡೆ ಹೋಗಲಿ, ಅನುಮಾನ ಬರಬಾರದು ಎಂದು. ಎರಡು ಗಂಟೆಯ ಮೇಲೆ ಚೀಲ ತೆಗೆದು ಬದು ಮುಚ್ಚಿದೆವು. ಮಾಮ ನೀರು ಸಣ್ಣಗಾದದ್ದು ನೋಡಿ ಕಾಲುವೆಯವರನ್ನು ಬೈದುಕೊಂಡರಂತೆ.

ಬೆಳಗ್ಗೆ ಅಪ್ಪ ಹೊಲಕ್ಕೆ ಹೋದರು. ಹಸಿ ಮಣ್ಣು ನೋಡಿದರು. ವಾಪಸು ಬಂದು ಕೇಳಿದರು, "ರಾತ್ರಿ ಹೊಲಕ್ಕೆ ಹೋಗಿದ್ರೇನು?"

"ಇಲ್ಲಪ್ಪ. ಮೇಲಿಂದ ಬಸಿದಿರಬೇಕು" ಅಂದ ದೊಡ್ಡವನು. ಕಿರಿಯವನು ತಲೆ ಅಲ್ಲಾಡಿಸಿದ.

ಅಪ್ಪ ಮತ್ತೇನೂ ಕೇಳಲಿಲ್ಲ. ಗದ್ದಲ ಮುಗಿಯಿತು ಅಂದುಕೊಂಡೆವು. ಮೂರು ದಿನ ಕಳೆಯಿತು. ಭಾನುವಾರ ಗುರುಗಳು ಪೂಜೆಗೆ ಬಂದರು. ಅವರು ನಮ್ಮ ಕಡೆಗೆ ತಿಂಗಳಿಗೊಮ್ಮೆ ಬರುತ್ತಿದ್ದರು, ಉಳಿದ ಭಾನುವಾರಗಳಲ್ಲಿ ಉಪದೇಶಿಯವರು ಪ್ರಾರ್ಥನೆ ನಡೆಸುತ್ತಿದ್ದರು. ಹಾಗಾಗಿ ಆ ಒಂದು ಭಾನುವಾರ ಪರಮಪ್ರಸಾದ ತಪ್ಪಿಸುವವರು ಯಾರೂ ಇರಲಿಲ್ಲ. ಎಲ್ಲರೂ ಸಾಲು ಎದ್ದರು. ಅಪ್ಪ ಏಳಲಿಲ್ಲ. ನಾವು ಏಳಲು ಹೋದಾಗ ಆ ಕಡೆ ಒಬ್ಬನ ಮಣಿಕಟ್ಟು, ಈ ಕಡೆ ಒಬ್ಬನ ಮಣಿಕಟ್ಟು ಹಿಡಿದು ಕೂರಿಸಿದರು. ಗಟ್ಟಿಯಾಗೇನೂ ಹಿಡಿದಿರಲಿಲ್ಲ. ಅಮ್ಮ ಸಾಲಿನಲ್ಲಿ ನಿಂತು ತಿರುಗಿ ತಿರುಗಿ ನೋಡುತ್ತಿದ್ದಳು. ಇಡೀ ಊರಿನ ಮುಂದೆ ನಾವು ಮೂರು ಗಂಡಸರು ಚಾಪೆಯ ಮೇಲೆ ಕೂತೇ ಇದ್ದೆವು.

ಪೂಜೆ ಮುಗಿದ ಮೇಲೆ ಮನೆಗೆ ಹೋಗಲಿಲ್ಲ. ನೇರ ಮಾಮನ ಮನೆಗೆ. ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದರು: "ಮೊದಲು ಅಲ್ಲಿ, ಆಮೇಲೆ ಇಲ್ಲಿ." ಮತ್ತಾಯನ ಶುಭಸಂದೇಶ ಓದಿದವರಿಗೆ ಅರ್ಥವಾಗುತ್ತದೆ. ಕಾಣಿಕೆ ತಂದಿರುವಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುತ್ತಾರೆ ಯೇಸುಸ್ವಾಮಿ. ಗುರುಗಳ ಪ್ರಬೋಧನೆಯಲ್ಲಿ ಅದನ್ನು ಹತ್ತಾರು ಸಲ ಕೇಳಿದ್ದೆವು. ಅದು ನಡೆದು ಹೋಗುವ ದಾರಿ ಎಂದು ಗೊತ್ತಿರಲಿಲ್ಲ.

ಮಾಮ ಎಮ್ಮೆ ಮೈ ತೊಳೆಯುತ್ತಿದ್ದರು. ಅಪ್ಪ ನಮ್ಮನ್ನು ಮುಂದೆ ನಿಲ್ಲಿಸಿದರು. ದೊಡ್ಡವನು ಹೇಳಿದ. ಬಾಯಲ್ಲಿ ಉಗುಳು ಒಣಗಿತ್ತು. ಮಾಮ ಮೊದಲು ನಕ್ಕರು, ಆಮೇಲೆ ಸಿಟ್ಟು ಬಂತು, ಆಮೇಲೆ ಅಪ್ಪನ ಮುಖ ನೋಡಿ, "ಹೋಗ್ಲಿ ಬಿಡಣ್ಣ, ಹುಡುಗ್ರು" ಅಂದರು.

"ಬಿಡೋದಲ್ಲ. ಮುಂದಿನ ನಾಲ್ಕು ಸರದಿ ನಮ್ಮ ನೀರು ನಿಂದು" ಅಂದರು ಅಪ್ಪ.

ಲೂಕನ ಶುಭಸಂದೇಶದಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅನ್ನುತ್ತಾನಲ್ಲ, ಅಪ್ಪನ ಲೆಕ್ಕ ಅಲ್ಲಿಂದ ಬಂದದ್ದು. ಮನೆಗೆ ಬಂದು ವಿಷಯ ತಿಳಿದಾಗ ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದ್ದು ಇವತ್ತಿಗೂ ನಮ್ಮ ಮನೆಯಲ್ಲಿ ಗಾದೆಯ ಹಾಗೆ ಓಡಾಡುತ್ತದೆ: "ಜಕ್ಕಾಯ ಸಾವುಕಾರ. ನೀವು ಸಾವುಕಾರ್ರಾ?"

ದೊಡ್ಡವನು ಲೆಕ್ಕಕ್ಕೆ ನಿಂತ. "ಕದ್ದಿದ್ದು ಎರಡು ತಾಸು. ನಾಲ್ಕರಷ್ಟು ಅಂದ್ರೆ ಎಂಟು. ನೀವು ಹನ್ನೆರಡು ತಾಸು ಕೊಡ್ತಿದ್ದೀರಿ."

"ಸುಳ್ಳಿಂದೂ ಸೇರಿಸೀನಿ" ಅಂದರು ಅಪ್ಪ.

ಈ ಮಾತು ಹೇಳುವಾಗ ಯುವಕೂಟದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮಗೆ ಗೊತ್ತು, ಮನೆಯ ಹುಡುಗಿಯೂ ಇಲ್ಲಿಯವರೆಗೆ ಕೇಳಿ ಎದ್ದು ಹೋಗುತ್ತಿದ್ದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನಾವೂ ಬಹಳ ಹಿಂದೆಯೇ ಬರೆದುಬಿಡುತ್ತಿದ್ದೆವು.

ಎಂಟು ದಿನಕ್ಕೊಂದು ಸರದಿ, ನಾಲ್ಕು ಸರದಿ ಅಂದರೆ ಒಂದು ತಿಂಗಳ ಮೇಲೆ. ಮೊದಲ ಸರದಿ ಹೋಯಿತು. ಎರಡನೆಯದು ಹೋಯಿತು. ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಏಳುತ್ತಿದ್ದದ್ದು, ಸಂಜೆಗೂ ಏಳದೆ ಹಾಗೇ ನಿಲ್ಲಲು ಶುರುವಾಯಿತು. ಕೊಡದಲ್ಲಿ ನೀರು ಹೊತ್ತು ಹಾಕಿದೆವು. ಒಂದೂವರೆ ಎಕರೆಗೆ ಕೊಡದ ನೀರು ಎಷ್ಟರ ಮಟ್ಟಿಗೆ ಆದೀತು? ಮೂರನೆಯ ಸರದಿಯ ರಾತ್ರಿ ಮಾಮ ತಾವೇ ಬಂದು ನೀರನ್ನು ನಮ್ಮ ಹೊಲಕ್ಕೆ ತಿರುಗಿಸಿ ಹೋದರು. ಅಪ್ಪ ಎದ್ದು ಹೋಗಿ ಮತ್ತೆ ಅವರ ಹೊಲಕ್ಕೆ ತಿರುಗಿಸಿದರು. ಬೆಳಗ್ಗೆ ಮಾಮ ಬದುವಿನ ಮೇಲೆ ನಿಂತು ಕೂಗಾಡಿದರು. "ನಿನ್ನ ನ್ಯಾಯ ನಿನ್ನ ಹತ್ರ ಇಟ್ಕೋಣ್ಣ! ಗಿಡ ಒಣಗ್ತಾ ಐತೆ, ಕಣ್ಣು ಕಾಣ್ಸಲ್ವಾ? ನಂಗೆ ಯಾಕೆ ಪಾಪ ಹಚ್ತೀಯ?" ಅಪ್ಪ ಉತ್ತರ ಕೊಡಲಿಲ್ಲ. ನಾಲ್ಕನೆಯದನ್ನೂ ಬಿಟ್ಟರು.

ನಮ್ಮ ಮೆಣಸಿನಕಾಯಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದದ್ದೂ ಬಣ್ಣ ಕಟ್ಟಲಿಲ್ಲ. ಬ್ಯಾಡಗಿಗೆ ಕಳಿಸುವಷ್ಟು ಮಾಲೇ ಇರಲಿಲ್ಲ, ಊರಿಗೆ ಬಂದ ವ್ಯಾಪಾರಿಗೆ ಕೊಟ್ಟೆವು. ಬೀಜ ಗೊಬ್ಬರದ ಸಾಲ ತೀರಿ ಕೈಯಲ್ಲಿ ಉಳಿದದ್ದು ಹಬ್ಬದ ಬಟ್ಟೆಗೆ ಸಾಲುವಷ್ಟು.

ನೀರು ಕದ್ದದ್ದು ಗಂಡುಮಕ್ಕಳಿಬ್ಬರು. ಶಿಕ್ಷೆ ಬಿದ್ದದ್ದು ಹುಡುಗಿಗೆ. ಆ ರಾತ್ರಿ ಅವಳು ಪರೀಕ್ಷೆಗೆ ಓದುತ್ತಾ ಮನೆಯಲ್ಲಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾಲ್ಕು ಸರದಿ ಬಿಟ್ಟುಕೊಡುವ ಮುಂಚೆ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. 2003ರ ಮಾರ್ಚಿನಲ್ಲಿ ಇಂಟರ್ ಪರೀಕ್ಷೆ ಬರೆದಳು. ಮಾರನೆಯ ವಾರದಿಂದಲೇ ಕೂಲಿಗೆ ಹೋದಳು, ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ. ಬೇರೆಯವರ ಮೆಣಸಿನಕಾಯಿ. ಆ ಕೆಲಸ ಮಾಡಿದವರಿಗೆ ಗೊತ್ತು. ಸಂಜೆ ಮನೆಗೆ ಬಂದರೆ ಬೆರಳು ಉರಿಯುತ್ತವೆ, ರಾತ್ರಿ ಹೆಚ್ಚು ಉರಿಯುತ್ತವೆ, ಕಣ್ಣು ಮುಟ್ಟಿಕೊಳ್ಳುವ ಹಾಗಿಲ್ಲ. ಅವಳು ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ಜಗಳವಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ.

ಅದು ತಪಸ್ಸುಕಾಲ. ಪವಿತ್ರ ಗುರುವಾರ ಏಪ್ರಿಲ್ 17ಕ್ಕೆ ಬಂದಿತ್ತು. ಸಂಜೆಯ ವಿಧಿ ಮುಗಿಸಿ ಮನೆಗೆ ಬಂದೆವು. ಹುಡುಗಿ ಅವತ್ತೂ ಕೂಲಿಗೆ ಹೋಗಿ, ಹಾಗೇ ಪೂಜೆಗೆ ಬಂದಿದ್ದಳು. ಅಂಗಳದ ಕಟ್ಟೆಯ ಮೇಲೆ ಎರಡೂ ಕೈ ಚಾಚಿ ಗಾಳಿಗೆ ಹಿಡಿದು ಕೂತಿದ್ದಳು. ಅಪ್ಪ ಒಳಗಿನಿಂದ ಒಂದು ಬೋಗುಣಿ ಮಜ್ಜಿಗೆ ತಂದರು. ಕೆಳಗೆ ಕೂತರು. ಅವಳ ಕೈ ಹಿಡಿದು ಮಜ್ಜಿಗೆಯಲ್ಲಿ ಅದ್ದಿದರು, ಬೆರಳು ಬೆರಳನ್ನೂ ತಿಕ್ಕಿದರು. ಅವಳು ಬಿಡಿಸಿಕೊಳ್ಳಲಿಲ್ಲ.

"ಕದ್ದೋರು ಇವರು. ವರ್ಷ ಕಳಕೊಂಡೋಳು ನೀನು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೂರು ಸರದಿ ನ್ಯಾಯಕ್ಕೆ ಕೊಟ್ಟೆ. ನಾಲ್ಕನೇದು ನನ್ನ ಹಠಕ್ಕೆ ಕೊಟ್ಟೆ. ಅವನು ಕೂಗಾಡಿದ ಮೇಲೆ ಬಿಡೋಕೆ ನಾಚಿಕೆ ಆಯ್ತು. ತಪ್ಪಾತು ತಾಯಿ" ಅಂದರು.

ನಾವಿಬ್ಬರು ಬಾಗಿಲ ಹಿಂದೆ ನಿಂತಿದ್ದೆವು. ನಮ್ಮ ಕಡೆ ಅಪ್ಪಂದಿರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುವುದನ್ನು ನಾವು ಕಂಡಿರಲಿಲ್ಲ. ಇವತ್ತಿಗೂ ಹೆಚ್ಚು ಕಂಡಿಲ್ಲ. ಆಯ್ತು ಬಿಡಪ್ಪ ಅನ್ನುತ್ತಾಳೆ, ಅಳುತ್ತಾಳೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡೆವು. ಅವಳು ಅನ್ನಲಿಲ್ಲ. "ನನ್ನ ಒಂದು ಮಾತು ಕೇಳಬೇಕಿತ್ತು" ಅಂದಳು.

"ಹೌದು, ಕೇಳಬೇಕಿತ್ತು" ಅಂದರು ಅಪ್ಪ.

ಅಷ್ಟೇ ಆದದ್ದು. ಆ ರಾತ್ರಿ ಗುರುಗಳು ಹನ್ನೆರಡು ಜನರ ಪಾದ ತೊಳೆದದ್ದನ್ನು ನೋಡಿ ಬಂದಿದ್ದೆವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಆಗ ನಮಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ಹೊಳೆದಿತ್ತೋ ಇಲ್ಲವೋ, ಕೇಳಲಿಲ್ಲ.

ಹುಡುಗಿ ಒಂದು ವರ್ಷ ತಡವಾಗಿ, 2004ರಲ್ಲಿ ನರ್ಸಿಂಗ್ ಸೇರಿದಳು. ಅವಳ ಜೊತೆಯವರು ಒಂದು ವರ್ಷ ಮುಂದೆ ಇದ್ದರು. ಅದೊಂದು ದೊಡ್ಡದೇ ಅಂತ ಈಗ ಅನ್ನಿಸಬಹುದು. ಹದಿನೆಂಟರ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಎಷ್ಟು ಉದ್ದ ಎಂದು ನೀವು ಯುವಕರಿಗೆ ನಾವು ಹೇಳಬೇಕಿಲ್ಲ.

ಆಮೇಲೆ ಅಪ್ಪ ಬದಲಾದರು. ಒಳ್ಳೆಯತನ ಕಮ್ಮಿಯಾಗಲಿಲ್ಲ, ಅದರ ದಾರಿ ಬದಲಾಯಿತು. ಎತ್ತು ಮಾರಬೇಕೆಂದರೆ, ಯಾರಿಗಾದರೂ ಕೈಸಾಲ ಕೊಡಬೇಕೆಂದರೆ, ಚರ್ಚಿನ ಕೆಲಸಕ್ಕೆ ಇಷ್ಟು ಎಂದು ಬರೆಸಬೇಕೆಂದರೆ, ಮೊದಲು ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳುತ್ತಿದ್ದರು. ಹದಿಮೂರರ ಕಿರಿಯವನನ್ನೂ ಕೇಳುತ್ತಿದ್ದರು. ಅವನು "ನಂಗೇನು ಗೊತ್ತು" ಅಂದರೆ, "ಗೊತ್ತಿಲ್ಲ ಅಂತಾನೇ ಹೇಳು, ಆದ್ರೆ ಕೂತ್ಕೊಂಡು ಹೇಳು" ಅನ್ನುತ್ತಿದ್ದರು. ಅಮ್ಮ ಇದನ್ನು ಅಪ್ಪನ ಅಸೆಂಬ್ಲಿ ಎಂದು ಹಾಸ್ಯ ಮಾಡುತ್ತಿದ್ದಳು. ಎಷ್ಟೋ ಸಲ ಆ ಅಸೆಂಬ್ಲಿಯಲ್ಲಿ ಅಪ್ಪನೇ ಸೋತದ್ದುಂಟು.

ಸಂತ ಜೋಸೆಫರ ಬಗ್ಗೆ ಅಪ್ಪನದೇ ಒಂದು ವಿಚಾರವಿತ್ತು. ಗುರುಗಳು ಒಪ್ಪುತ್ತಾರೋ ಇಲ್ಲವೋ, ಬರೆಯುತ್ತೇವೆ. ಶುಭಸಂದೇಶಗಳಲ್ಲಿ ಜೋಸೆಫರು ಆಡಿದ ಮಾತು ಒಂದೂ ಇಲ್ಲ. 2020ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸರು ಸಂತ ಜೋಸೆಫರ ವರ್ಷ ಘೋಷಿಸಿ 'ಪಾತ್ರಿಸ್ ಕೋರ್ದೆ' ಎಂಬ ಪತ್ರ ಬರೆದರಲ್ಲ, ತಂದೆಯ ಹೃದಯದಿಂದ ಎಂದು ಅದರ ಅರ್ಥ. ಒಂಬತ್ತನೇ ಪಿಯುಸ್ ಪೋಪರು ಜೋಸೆಫರನ್ನು ಇಡೀ ಧರ್ಮಸಭೆಯ ಪಾಲಕರೆಂದು ಸಾರಿ ಅಂದಿಗೆ 150 ವರ್ಷ. ಆಗ ಕೊರೊನಾ ಕಾಲ, ಬಳ್ಳಾರಿಯವರಿಬ್ಬರೂ ಊರಿಗೆ ಬಂದಾಗ ಇದೇ ಮಾತು ನಡೆಯುತ್ತಿತ್ತು. ಅಪ್ಪ ಅಂದರು: "ಜೋಸೆಫ ನೀತಿವಂತ ಅಂತ ಬರೆದೈತೆ. ಮರಿಯಮ್ಮ ಗರ್ಭಿಣಿ ಅಂತ ತಿಳಿದಾಗ ಅವಳಿಗೆ ಅವಮಾನ ಆಗಬಾರದು, ಗುಟ್ಟಾಗಿ ಬಿಟ್ಟುಬಿಡಬೇಕು ಅಂತ ತೀರ್ಮಾನ ಮಾಡಿದ. ಒಳ್ಳೇ ಮನಸ್ಸಿಂದಾನೇ ಮಾಡಿದ. ಆದ್ರೆ ಅವಳನ್ನ ಕೇಳಿದ ಅಂತ ಎಲ್ಲೂ ಬರೆದಿಲ್ಲ. ಒಬ್ನೇ ತೀರ್ಮಾನ ಮಾಡಿದ. ಅದಕ್ಕೇ ದೇವದೂತ ಕನಸಲ್ಲಿ ಬರಬೇಕಾಯ್ತು."

ನಡುವಿನವಳು ನಗುತ್ತಾ, "ನಮ್ಮ ಮನೆಗೆ ದೇವದೂತ ಬರಲಿಲ್ಲ" ಅಂದಳು.

"ಬಂದಿದ್ದ. ಕೈ ಉರೀತಿತ್ತು ಅವನಿಗೆ" ಅಂದರು ಅಪ್ಪ.

ನಾವು ಮೂವರೂ ಅಪ್ಪನನ್ನು ಒಂದೇ ರೀತಿ ಓದುವುದಿಲ್ಲ. ದೊಡ್ಡವನಿಗೆ ಇವತ್ತಿಗೂ ನಾಲ್ಕು ಸರದಿ ಕೊಟ್ಟದ್ದೇ ಸರಿ ಅನ್ನಿಸುತ್ತದೆ. ಆ ತಿಂಗಳು ಕೊಡ ಹೊತ್ತದ್ದರಿಂದಲೇ ತಾನು ಮತ್ತೆ ಇನ್ನೊಬ್ಬರ ಬದು ಮುಟ್ಟಲಿಲ್ಲ ಅನ್ನುತ್ತಾನೆ. ನಡುವಿನವಳ ಮಾತು ಬೇರೆ. ಒಂದು ಸರದಿ ಸಾಕಿತ್ತು, ಮಾಮನೂ ಒಪ್ಪಿದ್ದರು, ಉಳಿದದ್ದು ದೇವರಿಗೆ ಬೇಕಿರಲಿಲ್ಲ. ಅಪ್ಪ ತನ್ನ ಪಾಲಿನಿಂದ ಕೊಡಬೇಕಿತ್ತು, ಅವಳ ಪಾಲಿನಿಂದ ಕೊಟ್ಟರು. ಕಿರಿಯವನು ಇಬ್ಬರ ಮಾತೂ ಸರಿ ಅನ್ನುತ್ತಾನೆ. ಅವನು ಯಾವಾಗಲೂ ಹಾಗೆಯೇ.

ಅಪ್ಪ 2022ರ ಜೂನಿನಲ್ಲಿ ತೀರಿಕೊಂಡರು. ಮಾಮ ಮಗನ ಹೆಗಲು ಹಿಡಿದು ಬಂದರು. ಸಮಾಧಿಗೆ ಮೂರು ಹಿಡಿ ಮಣ್ಣು ಹಾಕಿ, ನಾಲ್ಕನೆಯದನ್ನೂ ಹಾಕಿ, ನಮ್ಮ ಕಡೆ ನೋಡಿದರು. ಅಳುವ ಹೊತ್ತಿನಲ್ಲಿ ನಮಗೆ ನಗು ಬಂತು.

ಈಗ ನಾವು ಹೇಳಲೇಬೇಕಾದ ಇನ್ನೊಂದು ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಗಂಡುಮಕ್ಕಳಿಬ್ಬರು ಎರಡು ದಿನ ಯೋಚಿಸಿದ್ದೇವೆ.

ಅಪ್ಪ ಹೋದ ಮೇಲೆ ಪಟ್ಟಾದಾರ್ ಪಾಸ್‌ಬುಕ್ಕಿನಲ್ಲಿ ಹೆಸರು ಬದಲಾಯಿಸಬೇಕಿತ್ತು. ಕಾಗದ ಪತ್ರ ಬರೆಯುವವರೊಬ್ಬರು ಸಲಹೆ ಕೊಟ್ಟರು: "ಹೆಣ್ಣುಮಗಳ ಹತ್ರ ಬೇಡ ಅಂತ ಒಂದು ಸಹಿ ಹಾಕಿಸ್ಕೊಂಬಿಡ್ರಿ. ಎಲ್ರೂ ಮಾಡೋದೇ. ಅವಳಿಗೆ ಕೆಲಸ ಐತಲ್ಲ." ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಇಲ್ಲದಿದ್ದರೆ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮ. ಗಂಡು ಹೆಣ್ಣು ಎಂಬ ಭೇದವಿಲ್ಲ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಸ್ಟಾಂಪ್ ಪೇಪರ್ ತಂದೆವು. ದೊಡ್ಡವನಿಗೆ ಹೊಲ ಚೂರಾಗುತ್ತದೆ ಎಂಬ ಭಯ. ಕಿರಿಯವನಿಗೆ ದೊಡ್ಡವನ ಮಾತು ಮೀರಲು ಆಗದು. ಅವಳು ಬಂದಾಗ ನಯವಾಗಿ ಕೇಳಿದರೆ ಹಾಕುತ್ತಾಳೆ ಎಂದು ಇಬ್ಬರೂ ಅಂದುಕೊಂಡೆವು. ಅವಳಿಗೆ ಮುಂಚೆ ಹೇಳಲಿಲ್ಲ.

ಪಾಸ್‌ಬುಕ್ ಹುಡುಕಲು ಅಪ್ಪನ ಟ್ರಂಕ್ ತೆಗೆದೆವು. ಅದರಲ್ಲಿ ನೀರಿನ ಲೆಕ್ಕದ ಪುಸ್ತಕ ಸಿಕ್ಕಿತು. ಮಾಮೂಲಿ ನೂರು ಪುಟದ ನೋಟ್‌ಬುಕ್. ಪ್ರತಿ ವರ್ಷ ಯಾವ ದಿನ ಎಷ್ಟು ತಾಸು ನೀರು ಬಂತು, ಡೀಸೆಲ್ಲಿಗೆ ಎಷ್ಟು, ಯಾರಿಗೆ ಎಷ್ಟು ಕೊಡಬೇಕು, ಕೊಟ್ಟರೆ ಅದರ ಮೇಲೊಂದು ಅಡ್ಡ ಗೆರೆ. 2002ರ ಪುಟದಲ್ಲಿ ನಾಲ್ಕು ಸಾಲು: ಕೆಳಗಿನ ಹೊಲಕ್ಕೆ ಒಂದು ಸರದಿ, ಒಂದು ಸರದಿ, ಒಂದು ಸರದಿ, ಒಂದು ಸರದಿ. ನಾಲ್ಕಕ್ಕೂ ಗೆರೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬಹುಶಃ ಮಾರನೆಯ ವರ್ಷ ಬರೆದದ್ದು: ಮಗಳಿಗೆ ಒಂದು ವರ್ಷ. ಅದಕ್ಕೆ ಗೆರೆ ಎಳೆದಿರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಟ್ರಂಕಿನ ಮೇಲಿದ್ದ ಸ್ಟಾಂಪ್ ಪೇಪರನ್ನೂ ನೋಡಿದಳು, ನಮ್ಮನ್ನೂ ನೋಡಿದಳು. ಅವಳಿಗೆ ಓದು ಬರುವುದಿಲ್ಲ. ಆದರೆ ಹಸಿರು ಕಾಗದ ಯಾವುದಕ್ಕೆ ಎಂದು ಗೊತ್ತು. ಏನೂ ಅನ್ನದೆ ಒಲೆಯ ಕಡೆ ಹೋದಳು.

ಆ ಭಾನುವಾರ ದೊಡ್ಡವನು ಪರಮಪ್ರಸಾದಕ್ಕೆ ಏಳಲಿಲ್ಲ. ಕಿರಿಯವನು ಅವತ್ತು ಬಳ್ಳಾರಿಯಲ್ಲಿದ್ದ, ಅವನೂ ಏಳಲಿಲ್ಲ. ಮಾತಾಡಿಕೊಂಡು ಮಾಡಿದ್ದಲ್ಲ. ಸಂಜೆ ಫೋನಿನಲ್ಲಿ ಗೊತ್ತಾಯಿತು. ಮಾರನೆಯ ದಿನ ದೊಡ್ಡವನು ಬೆಳಗಿನ ಬಸ್ಸು ಹತ್ತಿ ಬಂದ. ಅವಳದು ರಾತ್ರಿ ಪಾಳಿ ಮುಗಿದಿತ್ತು, ಇನ್ನೂ ಯೂನಿಫಾರ್ಮಿನಲ್ಲೇ ಇದ್ದಳು. ಎಲ್ಲವನ್ನೂ ಹೇಳಿದೆವು. ಸ್ಟಾಂಪ್ ಪೇಪರ್ ತಂದದ್ದು, ಅವಳನ್ನು ಕೇಳದೇ ತಂದದ್ದು, ಅಪ್ಪನ ಪುಸ್ತಕ ಸಿಕ್ಕಿದ್ದು. ಪುಸ್ತಕ ಕೊಟ್ಟೆವು. ಅವಳು ಆ ಪುಟ ಓದಿದಳು, ಮತ್ತೆ ಮುಚ್ಚಿದಳು.

ಒಂದು ತಿಂಗಳು ನಮ್ಮ ಫೋನ್ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ ಎಂದು ಮಗಳ ಕೈಲಿ ಹೇಳಿಸುತ್ತಿದ್ದಳು. ಅಷ್ಟು ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಿದ್ದರು. ಒಂದು ರಾತ್ರಿ ದೊಡ್ಡವನು ಹೊಲದಲ್ಲಿದ್ದಾಗ ಅವಳೇ ಫೋನ್ ಮಾಡಿದಳು.

"ಮೆಣಸಿನಕಾಯಿ ಎಷ್ಟು ಹಾಕ್ತಿದ್ದೀಯ ಈ ವರ್ಷ?"

"ಒಂದೆಕ್ರೆ ಅಂದ್ಕೊಂಡೀನಿ. ನೀನೇನಂತೀಯ?"

"ಸರದಿ ಬರ್ಕೊಳ್ಳೋವಾಗ ನನ್ನ ಪಾಲಿನ ತಾಸೂ ಬೇರೆ ಬರಿ" ಅಂದಳು. "ಅಪ್ಪನ ಪುಸ್ತಕ ನನ್ನ ಹತ್ರಾನೇ ಇರ್ಲಿ. ನೀನು ಹೊಸದು ತಗೋ."